ರಿಪೇರಿಗೂ ಒಂದು ಜಾಗ ಕೊಡಿ: ಪೌರಾಡಳಿತ ಸಚಿವರಿಗೆ ಹಾರ್ಡ್‌ವೇರ್ ಅಂಗಡಿಯವನೊಬ್ಬನ ಬಹಿರಂಗ ಪತ್ರ

ಗೆ,
ಮಾನ್ಯ ಪೌರಾಡಳಿತ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಹಳೇ ಮನೆಗಳ ರಿಪೇರಿ, ಅದರಿಂದ ಹೊರಬೀಳುವ ಕಟ್ಟಡ ತ್ಯಾಜ್ಯ ಮತ್ತು ಸುಣ್ಣದ ಗಾರೆ ಕೆಲಸದ ತರಬೇತಿ ಕುರಿತು.

ಮಾನ್ಯರೇ,

ಮಲೆನಾಡಿನ ಸೆರಗಿನ ಒಂದು ಪಟ್ಟಣದಲ್ಲಿ 26 ವರ್ಷದಿಂದ ಹಾರ್ಡ್‌ವೇರ್ ಅಂಗಡಿ ನಡೆಸುತ್ತಿದ್ದೇನೆ. ಸಿಮೆಂಟು, ಬಣ್ಣ, ತಗಡಿನ ಶೀಟು, ಪೈಪು, ಮೊಳೆ ಮಾರಿಯೇ ಇಬ್ಬರು ಮಕ್ಕಳನ್ನು ಓದಿಸಿದ್ದೇನೆ. ಆದ್ದರಿಂದ ಮುಂದೆ ಬರೆಯುವುದನ್ನು ವ್ಯಾಪಾರದ ಕಷ್ಟ ಗೊತ್ತಿಲ್ಲದವನ ಪರಿಸರದ ಉಪದೇಶ ಎಂದು ದಯವಿಟ್ಟು ಬದಿಗಿಡಬೇಡಿ. ಇದರಲ್ಲಿ ಅರ್ಧ ದೂರು ನನ್ನ ಮೇಲೆಯೇ ಇದೆ. ಊರಿನ ಹೆಸರು ಬರೆಯುತ್ತಿಲ್ಲ. ಬರೆದರೆ ಒಬ್ಬ ಇಂಜಿನಿಯರಿಗೋ ಒಬ್ಬ ಆರೋಗ್ಯ ನಿರೀಕ್ಷಕರಿಗೋ ನೋಟಿಸು ಹೋಗಿ ವಿಷಯ ಅಲ್ಲಿಗೆ ಮುಗಿಯುತ್ತದೆ. ನಾನು ಹೇಳಲು ಹೊರಟಿರುವುದು ಯಾರೋ ಒಬ್ಬರ ತಪ್ಪಲ್ಲ.

ಮೊದಲು ನನ್ನ ಮನೆಯ ಕಥೆ.

ಅಜ್ಜನ ಕಾಲದ ಮನೆ. ಮಣ್ಣು, ಸುಟ್ಟ ಇಟ್ಟಿಗೆ ಸೇರಿಸಿ ಎಬ್ಬಿಸಿದ ಒಂದೂವರೆ ಅಡಿ ದಪ್ಪದ ಗೋಡೆ, ಅದಕ್ಕೆ ಸುಣ್ಣದ ಗಾರೆ, ಹೊನ್ನೆ ಮರದ ತೊಲೆ, ಮೇಲೆ ಮಂಗಳೂರು ಹೆಂಚು. ಹೆಂಚಿನ ಬೆನ್ನಿನ ಮೇಲೆ ಬಾಸೆಲ್ ಮಿಷನ್ ಎಂಬ ಹೆಸರೂ 1865 ಎಂಬ ಅಂಕಿಯೂ ಅಚ್ಚಾಗಿದೆ. ನಮ್ಮಪ್ಪ ಕೊನೆಯ ತನಕ ಅವು 1865ರಲ್ಲಿ ಸುಟ್ಟ ಹೆಂಚುಗಳೆಂದೇ ನಂಬಿ, ಬಂದ ನೆಂಟರಿಗೆಲ್ಲ ಏಣಿ ಹಾಕಿ ತೋರಿಸುತ್ತಿದ್ದರು. ಅದು ಮಂಗಳೂರಿನ ನೇತ್ರಾವತಿ ದಂಡೆಯಲ್ಲಿ ಆ ಮಿಷನ್ನಿನವರ ಹೆಂಚಿನ ಕಾರ್ಖಾನೆ ಶುರುವಾದ ವರ್ಷ, ಹೆಂಚು ಹುಟ್ಟಿದ ವರ್ಷವಲ್ಲ ಎಂದು ಹೇಳಿ ಅವರ ಸಂತೋಷ ಕೆಡಿಸಲು ನನಗೆ ಮನಸ್ಸು ಬರಲಿಲ್ಲ. ಏನೇ ಇರಲಿ, ಆ ಹೆಂಚು ಸುಡಲು ಬೇಕಾದ ಸೌದೆ ಎಂದೋ ಉರಿದು ಮುಗಿದಿದೆ. ಇನ್ನೊಂದು ಕಡ್ಡಿಯನ್ನೂ ಕೇಳದೆ ಅದು ಮಳೆ ತಡೆಯುತ್ತಿದೆ.

2017ರ ಬೇಸಿಗೆಯಲ್ಲಿ ಗೋಡೆಯ ಬುಡದಲ್ಲಿ ಗಾರೆ ಉದುರತೊಡಗಿತು. ಕಂಟ್ರಾಕ್ಟರು ಬಂದು ನೋಡಿ, ಹಳೇ ಗಾರೆ ಪೂರ್ತಿ ಕೆತ್ತಿಸಿ ಸಿಮೆಂಟ್ ಪ್ಲಾಸ್ಟರಿಂಗ್ ಮಾಡಿಸಿಬಿಡಿ, ಇನ್ನು 50 ವರ್ಷ ಕಣ್ಣು ಹಾಯಿಸಬೇಕಿಲ್ಲ ಎಂದರು. ಸಿಮೆಂಟು ನನ್ನದೇ ಅಂಗಡಿಯದು; ಬೇಡ ಎನ್ನಲು ನನಗೇನು ಕಾರಣ? ಮೇಲೆ ಒಳ್ಳೆಯ ಎಮಲ್ಷನ್ ಹೊಡೆಸಿದೆ, ತಿಳಿ ಹಸಿರು. ಮೊದಲ ಮಳೆಗಾಲ ಚೆನ್ನಾಗಿಯೇ ಕಳೆಯಿತು. ಎರಡನೆಯದರಲ್ಲಿ ಬಣ್ಣ ಗುಳ್ಳೆ ಎದ್ದಿತು. ಗುಳ್ಳೆ ಒಡೆದರೆ ಒಳಗೆ ಬಿಳೀ ಉಪ್ಪು. ನಾನು ವಾಟರ್‌ಪ್ರೂಫ್ ಕೋಟಿಂಗ್ ಹೊಡೆಸಿದೆ. ಮೂರು ಅಡಿಯಲ್ಲಿದ್ದ ತೇವ ಮುಂದಿನ ವರ್ಷ ಐದು ಅಡಿಗೆ ಏರಿತು. ಬೀರುವಿನೊಳಗೆ ಹೆಂಡತಿಯ ಮದುವೆ ಸೀರೆಗೆ ಬೂಷ್ಟು ಹಿಡಿಯಿತು; ಮನೆಯಲ್ಲಿ ವಿಷಯ ನಿಜವಾಗಿ ಗಂಭೀರವಾದದ್ದು ಆಗಲೇ.

ಕೊನೆಗೆ ಗಾರೆ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದ, ಎಪ್ಪತ್ತು ದಾಟಿದ ಮೇಸ್ತ್ರಿಯೊಬ್ಬರನ್ನು ಕರೆತಂದೆ. ಅವರು ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದರು. ಡಬಡಬ ಸದ್ದು ಬಂತು. ಗೋಡೆಯ ಉಸಿರು ಕಟ್ಟಿಸಿದ್ದೀರಿ ಎಂದರು, ಅಷ್ಟೇ. ಆಮೇಲೆ ಓದಿ ಅರ್ಥ ಮಾಡಿಕೊಂಡೆ. ಹಳೇ ಮಣ್ಣಿನ ಗೋಡೆ ನೆಲದಿಂದ ನೀರನ್ನು ಹೀರುವುದು ಸಹಜ. ಸುಣ್ಣದ ಗಾರೆಯಲ್ಲಿ ಸಣ್ಣ ರಂಧ್ರಗಳಿರುವುದರಿಂದ ಆ ತೇವ ಹೊರಬಂದು ಆರುತ್ತದೆ. ಸಿಮೆಂಟಿನ ಬಿಗಿ ಪದರ, ಅದರ ಮೇಲೆ ಪ್ಲಾಸ್ಟಿಕ್ಕಿನಂಥ ಬಣ್ಣ ಬಂದರೆ ನೀರಿಗೆ ದಾರಿಯಿಲ್ಲ. ದಾರಿ ಹುಡುಕುತ್ತಾ ಮೇಲೆ ಏರುತ್ತದೆ. ಜೊತೆಗೆ ತಂದ ಲವಣ ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಅದನ್ನು ಗೋಡೆಯಿಂದ ದೂಡುತ್ತದೆ. ನಾವು ಅದನ್ನೇ ಸೋರಿಕೆ ಎಂದುಕೊಂಡು ಇನ್ನೊಂದು ಪದರ ಬಳಿಯುತ್ತೇವೆ.

ಈ 26 ವರ್ಷದಲ್ಲಿ ಎಷ್ಟು ಗೋಡೆಗಳಿಗೆ ಇದೇ ಮದ್ದನ್ನು ಕೌಂಟರಿನ ಮೇಲಿಂದ ದಾಟಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಬೇಡವೆಂದು ಹೇಳಲು ನನಗೆ ತಿಳಿದಿರಲಿಲ್ಲ. ತಿಳಿದವರಿಗೂ ಹೇಳಿದರೆ ಲಾಭವಿಲ್ಲ. ಬಣ್ಣದ ಡಬ್ಬಿಯ ಒಳಗೆ ಪೇಂಟರಿಗೆಂದು ಟೋಕನ್ ಇರುತ್ತದೆ, ಮೂಟೆ ಲೆಕ್ಕದಲ್ಲಿ ಮೇಸ್ತ್ರಿಗೆ ಪಾಯಿಂಟು, ನನಗೆ ವರ್ಷದ ಕೊನೆಗೆ ಸ್ಕೀಮು. ಕಡಿಮೆ ಸಾಮಾನಿನಲ್ಲಿ ಕೆಲಸ ಮುಗಿಸಿದವನಿಗೆ ಈ ಸರಪಳಿಯಲ್ಲಿ ಯಾರೂ ಒಂದು ಚಹಾ ಕೂಡ ಕೊಡಿಸುವುದಿಲ್ಲ.

ಆ ಪ್ಲಾಸ್ಟರ್ ಪೂರ್ತಿ ಕೆತ್ತಿಸಿದೆ. ಸುಣ್ಣದ ಹರಳನ್ನು ಗುಂಡಿಯಲ್ಲಿ ಮೂರು ವಾರ ಕೊಳೆಸಿ, ಅರೆದು, ಮರಳು ಸೇರಿಸಿ ಹೊಸ ಗಾರೆ ಬಳಿಸಿದೆವು. ಎರಡು ಮಳೆಗಾಲ ಕಳೆದಿವೆ, ಸೀರೆ ಬೀರುವಿನಲ್ಲಿ ಕ್ಷೇಮವಾಗಿದೆ. ಆದರೆ ಕೆತ್ತಿ ತೆಗೆದ ಎರಡು ಟ್ರ್ಯಾಕ್ಟರ್ ಲೋಡು ಪುಡಿ ಎಲ್ಲಿ ಹಾಕುವುದು? ಕೇಳಲು ಊರಿನ ಸ್ಥಳೀಯ ಸಂಸ್ಥೆಯ ಕಚೇರಿಗೆ ಹೋದೆ. ಕಸದ ಗಾಡಿ ಇದನ್ನು ತೆಗೆದುಕೊಳ್ಳುವುದಿಲ್ಲ, ಎಲ್ಲಾದರೂ ತಗ್ಗು ನೋಡಿ ಹಾಕಿಸಿ ಎಂಬ ಉತ್ತರ ಸಿಕ್ಕಿತು. ಟ್ರ್ಯಾಕ್ಟರಿನವನು ನೀವು ಚಿಂತೆ ಬಿಡಿ ಎಂದ, ರಾತ್ರಿ ಹತ್ತಕ್ಕೆ ಬಂದು ತುಂಬಿಕೊಂಡು ಹೋದ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಒಂದು ತಿಂಗಳ ಮೇಲೆ ಬೆಳಗಿನ ವಾಕಿಂಗಿನಲ್ಲಿ ಊರ ಕೆರೆಗೆ ನೀರು ತರುವ ಕಾಲುವೆಯ ಬಾಯಲ್ಲಿ ತಿಳಿ ಹಸಿರು ಬಣ್ಣದ ಚೂರುಗಳು ಕಂಡವು. ಬಣ್ಣದ ಹೆಸರು, ಶೇಡ್ ನಂಬರು ನನಗೆ ಬಾಯಿಪಾಠ. ನಮ್ಮ ಮನೆಯ ಪಡಸಾಲೆ ಕೆರೆಯ ದಾರಿ ಕಟ್ಟಿ ಕೂತಿತ್ತು.

ಮಾನ್ಯರೇ, ಇದು ನನ್ನ ಅಪರಾಧ, ಒಪ್ಪಿಕೊಂಡಿದ್ದೇನೆ. ಆದರೆ ತಪ್ಪು ಮಾಡದೆ ಇರಲು ನನಗಿದ್ದ ದಾರಿ ಯಾವುದು ಎಂದು ಕಾಗದಗಳಲ್ಲಿ ಹುಡುಕಿದೆ. ಕೇಂದ್ರದ 2016ರ ಕಟ್ಟಡ ಮತ್ತು ಕೆಡವಿದ ತ್ಯಾಜ್ಯ ನಿರ್ವಹಣಾ ನಿಯಮಗಳು ತ್ಯಾಜ್ಯವನ್ನು ರಸ್ತೆಗೆ, ಚರಂಡಿಗೆ ಹಾಕಬಾರದು ಎಂದು ಎಲ್ಲರಿಗೂ ಹೇಳಿದವು. ಆದರೆ ತ್ಯಾಜ್ಯವನ್ನು ಬಗೆಬಗೆಯಾಗಿ ಬೇರ್ಪಡಿಸಿ, ವಿಲೇವಾರಿಯ ಯೋಜನೆ ಬರೆದು ಸ್ಥಳೀಯ ಸಂಸ್ಥೆಯ ಒಪ್ಪಿಗೆ ಪಡೆಯಬೇಕಾದದ್ದು ದಿನಕ್ಕೆ 20 ಟನ್ ಅಥವಾ ಒಂದು ಕಾಮಗಾರಿಯಲ್ಲಿ ತಿಂಗಳಿಗೆ 300 ಟನ್ ಮೀರಿದವರು. ಟ್ರ್ಯಾಕ್ಟರಿಗೆ 3 ಟನ್ ಎಂದು ಹಿಡಿದರೂ ದಿನಕ್ಕೆ ಆರೇಳು ಲೋಡು. 2026ರ ಏಪ್ರಿಲ್ 1ರಿಂದ ಜಾರಿಯೆಂದು 2025ರಲ್ಲಿ ಹೊರಟ ಹೊಸ ನಿಯಮಗಳ ಮುಖ್ಯ ಹೊಣೆಗಾರಿಕೆ ಬೀಳುವುದು 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡಗಳ ಮೇಲೆ. ನಮ್ಮ ಪಟ್ಟಣದ ಬಸ್ ನಿಲ್ದಾಣ, ಸಂತೆ ಮಾಳ, ಕಲ್ಯಾಣ ಮಂಟಪ ಎಲ್ಲ ಒಟ್ಟು ಮಾಡಿದರೂ ಅಷ್ಟಾಗುವುದು ಅನುಮಾನ. ಬಚ್ಚಲು ಒಡೆಸುವವನು, ಟೈಲ್ಸ್ ಬದಲಿಸುವವನು, ಒಂದು ಗೋಡೆ ಕೆಡವಿ ಹಾಲ್ ದೊಡ್ಡದು ಮಾಡುವವನು ಹಾಕುವುದು ಎರಡೇ ಲೋಡು. ಅಂಥವರೇ ಊರಿನಲ್ಲಿ ತುಂಬಿರುವುದು, ಕಾಲುವೆ ತುಂಬಿರುವುದೂ ಅವರಿಂದಲೇ.

ಹಾಗಾಗಿ ಮೊದಲ ಬೇಡಿಕೆ ಸಣ್ಣದು. ಪ್ರತಿ ಪಟ್ಟಣದಲ್ಲಿ ಬೇಲಿ ಹಾಕಿದ ಅರ್ಧ ಎಕರೆ ಜಾಗ, ಅಲ್ಲಿ ಲೋಡಿಗೆ ಇಷ್ಟು ಎಂದು ಬರೆದ ಬೋರ್ಡು, ಹಗಲು ಬಾಗಿಲು ತೆರೆಯಲು ಒಬ್ಬ ಮನುಷ್ಯ. ದರ ಟ್ರ್ಯಾಕ್ಟರಿನವನು ಕೆರೆಗೆ ಸುರಿಯಲು ಕೇಳುವುದಕ್ಕಿಂತ ಕಡಿಮೆ ಇರಲಿ. ಇಲ್ಲದಿದ್ದರೆ ಬೋರ್ಡು ಓದಿಕೊಂಡೇ ಅವನು ಕೆರೆಗೆ ಹೋಗುತ್ತಾನೆ. ಬಂದ ಮಾಲಿಗೆ ಗಿರಾಕಿ ನೀವೇ ಆಗಬೇಕು. ಸರ್ಕಾರಿ ಗುತ್ತಿಗೆಗಳಲ್ಲಿ ಇಂಥ ಮರುಬಳಕೆ ಸಾಮಗ್ರಿಯನ್ನು ಶೇ 10ರಿಂದ 20ರಷ್ಟು ಕಡ್ಡಾಯ ಮಾಡುವ ಮಾತು ಅದೇ 2016ರ ನಿಯಮಗಳಲ್ಲೇ ಬಂದಿತ್ತು. ಕಾಂಕ್ರೀಟಿನ ಜಲ್ಲಿ, ಮರಳು ಹೇಗಿರಬೇಕೆಂದು ಹೇಳುವ ಐಎಸ್ 383 ಎಂಬ ಭಾರತೀಯ ಮಾನದಂಡ ಅದೇ ವರ್ಷದಿಂದ, ಪುಡಿ ಮಾಡಿದ ಹಳೇ ಕಾಂಕ್ರೀಟನ್ನು ಕಬ್ಬಿಣ ಹಾಕದ ಕಾಂಕ್ರೀಟಿನ ಜಲ್ಲಿಯಲ್ಲಿ ಶೇ 25ರವರೆಗೆ, ತಳಕ್ಕೆ ಹಾಕುವ ಬೆಡ್ ಕಾಂಕ್ರೀಟಿನಂಥ ಕೆಳದರ್ಜೆಯ ಕೆಲಸಕ್ಕೆ ಪೂರ್ತಿಯಾಗಿಯೂ ಬಳಸಲು ಒಪ್ಪಿದೆ. ನಮ್ಮ ಗಲ್ಲಿಗಳ ಚರಂಡಿ ಕಾಮಗಾರಿಗೆ ಅಷ್ಟು ಸಾಕು. ಗುಡ್ಡದ ಕಲ್ಲು ಒಡೆದು ಜಲ್ಲಿ ತರಿಸುತ್ತಾ, ಊರೊಳಗಿನ ಜಲ್ಲಿಯನ್ನು ಕೆರೆಗೆ ಸುರಿಯುತ್ತಿದ್ದೇವೆ.

ಇನ್ನು ಮಾಡಿನ ವಿಷಯ. ಇದರಲ್ಲಿ ಜನರನ್ನು ಬೈಯಲು ನನಗೆ ಮನಸ್ಸಿಲ್ಲ. ಹೆಂಚಿನ ಮನೆಯ ಕಷ್ಟ ಹೆಂಚಿನ ಕೆಳಗೆ ಮಲಗಿದವನಿಗೇ ಗೊತ್ತು. ಪ್ರತಿ ಮೇ ತಿಂಗಳಲ್ಲಿ ಹೆಂಚು ಕೈಯಾಡಿಸಬೇಕು, ಒಡೆದದ್ದು ಬದಲಿಸಬೇಕು, ರೀಪು ಗೆದ್ದಲು ಹಿಡಿದಿದೆಯೇ ನೋಡಬೇಕು. ಮಾಡಿನ ಮೇಲೆ ಹೆಜ್ಜೆ ಇಡಲು ಬರುವ ಆಳು ಈಗ ಸಿಗುವುದಿಲ್ಲ. ಸಿಕ್ಕು ಕೆಲಸ ಮುಗಿಸಿ ಇಳಿದರೆ ಮರುದಿನ ಮಂಗಗಳ ಹಿಂಡು ಬರುತ್ತದೆ. ಮಲೆನಾಡಿನಲ್ಲಿ ಹೆಂಚು ಬಿಟ್ಟು ಶೀಟು ಹಾಕಿಸಿದವರಲ್ಲಿ ಬಹಳ ಜನ ಸೋತದ್ದು ಮಳೆಗಲ್ಲ, ಮಂಗಕ್ಕೆ. ತಾರಸಿ ಹಾಕಿದವರ ಪಾಡೂ ಅಷ್ಟೇ. ನಮ್ಮ ಕಡೆಯ ಮಳೆಗೆ ಕಾಂಕ್ರೀಟು ಮೂರ್ನಾಲ್ಕು ವರ್ಷದಲ್ಲಿ ಜಿನುಗುತ್ತದೆ, ಆಗ ಅದರ ಮೇಲೊಂದು ಕಬ್ಬಿಣದ ಚೌಕಟ್ಟು, ತಗಡಿನ ಮಾಡು. ಘಟ್ಟದ ದಾರಿಯಲ್ಲಿ ಹೋಗುವಾಗ ಕಾರಿನ ಕಿಟಕಿಯಿಂದ ನೋಡಿ, ಸಾಲು ಸಾಲು ಮನೆಗಳಿಗೆ ಎರಡೆರಡು ತಲೆ. ಎರಡನ್ನೂ ಮಾರಿದವನು ನಾನೇ.

ಆದರೆ ಸರ್ಕಾರಿ ಕಟ್ಟಡಕ್ಕೆ ಈ ನೆಪ ಇರಬಾರದು. ನಮ್ಮಲ್ಲಿ ನಾನು ಓದಿದ ಪ್ರಾಥಮಿಕ ಶಾಲೆಯ ಮಾಡಿನಿಂದ ಗಟ್ಟಿಮುಟ್ಟಾದ ಹೆಂಚು ಇಳಿಸಿ ತಗಡು ಹೊದಿಸಿದರು. ಇಳಿಸುವಾಗ ಕೈಯಿಂದ ಕೈಗೆ ದಾಟಿಸಲಿಲ್ಲ, ಮೇಲಿಂದ ಎಸೆದರು. ಎಣಿಸಲು ಯಾರಿಗೂ ಹೇಳಿರಲಿಲ್ಲ. ಈಗ ಜೋರು ಮಳೆ ಬಂದರೆ ಪಾಠ ನಿಲ್ಲುತ್ತದೆ, ಟೀಚರ್ ದನಿ ಮೂರನೇ ಬೆಂಚು ದಾಟುವುದಿಲ್ಲ. ಮಾರ್ಚ್ ತಿಂಗಳಲ್ಲಿ ತಗಡಿನ ಕಾವಿಗೆ ಮಕ್ಕಳು ಮರದ ಕೆಳಗೆ ಕೂರುತ್ತಾರೆ. ಒಂದಿಷ್ಟು ರೀಪು, ಒಡೆದ ಕೆಲವು ಹೆಂಚು ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸ. ಬಿಸಿಲ ನಾಡಿನಲ್ಲಿ ಇದು ಇನ್ನೂ ದೊಡ್ಡ ಮಾತು. ರಾಯಚೂರು, ಕಲಬುರಗಿಯ ಗಡಿಯಾಚೆಯ ತೆಲಂಗಾಣ 2023ರಲ್ಲಿಯೇ ತಂಪು ಮಾಡಿನ ನೀತಿ ತಂದಿದೆ. ತಾರಸಿಗೆ ಬಿಳಿ ಬಳಿದರೆ ಬಿಸಿಲು ವಾಪಸ್ ಹೋಗುತ್ತದೆಂಬುದೇ ಅದರ ತಿರುಳು. ಗಡಿಯ ಈಚೆಗೂ ಅದೇ ಸೂರ್ಯ.

ಆದ್ದರಿಂದ ನಿಮ್ಮ ಇಲಾಖೆಯ ಅಡಿಯಲ್ಲಿ ಯಾವುದೇ ಹಳೇ ಕಟ್ಟಡ ಕೆಡವಲು ಅಥವಾ ಮಾಡು ಬದಲಿಸಲು ಅನುಮತಿ ಕೊಡುವ ಮುನ್ನ ಒಂದು ಹಾಳೆಯ ಪಟ್ಟಿ ಕೇಳಿ. ಎಷ್ಟು ಹೆಂಚು, ಎಷ್ಟು ತೊಲೆ, ಎಷ್ಟು ಬಾಗಿಲು ಕಿಟಕಿ, ಎಷ್ಟು ಚಪ್ಪಡಿ ಕಲ್ಲು. ಪಟ್ಟಿಯನ್ನು ಏಳು ದಿನ ನೋಟಿಸ್ ಬೋರ್ಡಿಗೆ ಅಂಟಿಸಿದರೆ ಬೇಕಾದವರು ಬಂದು ಕೊಂಡೊಯ್ಯುತ್ತಾರೆ. ಖಾಸಗಿ ಮನೆಗಳಿಗೂ ಇದನ್ನು ಕೇಳಬಹುದು. ದಂಡ ಬೇಡ, ಪಟ್ಟಿ ಸಾಕು. ಎಣಿಸಿದ ವಸ್ತುವನ್ನು ಎಸೆಯಲು ಮನುಷ್ಯನಿಗೆ ಕೈ ಬರುವುದಿಲ್ಲ ಎಂಬುದು ಸ್ಟಾಕ್ ಪುಸ್ತಕ ಬರೆದು ನಾನು ಕಲಿತದ್ದು. ಮಾಡು ರಿಪೇರಿಗೆ ಏಣಿ ಹಾಕಿದಾಗಲೇ ಮಳೆನೀರು ಹಿಡಿಯುವ ದೋಣಿ ಕೂರಿಸಿ ತೊಟ್ಟಿಗೆ ಪೈಪು ಬಿಟ್ಟರೆ ಖರ್ಚು ಅರ್ಧ. 100 ಚದರ ಮೀಟರ್ ಮಾಡಿನ ಮೇಲೆ 2,000 ಮಿಲಿಮೀಟರ್ ಮಳೆ ಬಿದ್ದರೆ 2 ಲಕ್ಷ ಲೀಟರ್ ನೀರು. ಅಂಥ ಊರಿನಲ್ಲಿಯೇ ಏಪ್ರಿಲ್‌ನಲ್ಲಿ ಕೊಡ ಹಿಡಿದು ಸಾಲು ನಿಲ್ಲುತ್ತೇವೆ. ಬೆಂಗಳೂರಿನಲ್ಲಿ ಮಳೆಕೊಯ್ಲನ್ನು 2009ರಲ್ಲೇ ಕಡ್ಡಾಯ ಮಾಡಿದರು. ನಮಗೆ ಕಡ್ಡಾಯಕ್ಕಿಂತ, ಮನೆ ಕಂದಾಯದಲ್ಲಿ ಸಣ್ಣ ರಿಯಾಯಿತಿ ಬೇಗ ಕೆಲಸ ಮಾಡುತ್ತದೆ. ಏಪ್ರಿಲ್‌ನಲ್ಲಿ ಕಂದಾಯ ಕಟ್ಟಿದರೆ ಶೇ 5 ಬಿಡುತ್ತೀರಲ್ಲ, ಆ ತಿಂಗಳು ಕಚೇರಿಯ ಮುಂದಿನ ಸಾಲು ನೋಡಿದವನ ಮಾತಿದು.

ಆರೋಗ್ಯದ ಎರಡು ಮಾತು ಅವಸರದಲ್ಲೇ ಹೇಳಿಬಿಡುತ್ತೇನೆ, ಆದರೆ ಅವು ಅವಸರದ ವಿಷಯಗಳಲ್ಲ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ, ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕಿಂತ ಹಳೆಯ ಕಿಟಕಿ ಬಾಗಿಲುಗಳ ಎನಾಮೆಲ್‌ನಲ್ಲಿ ಎಷ್ಟಿದೆಯೋ ಯಾರೂ ಅಳೆದಿಲ್ಲ. ಹುಡುಗರು ಅದನ್ನು ಬರಿಗೈಯಲ್ಲಿ ಉಜ್ಜು ಕಾಗದ ಹಿಡಿದು ಒಣಒಣವಾಗಿ ಉಜ್ಜುತ್ತಾರೆ, ಪಕ್ಕದಲ್ಲೇ ಮನೆಯ ಕೂಸು ಅಂಬೆಗಾಲಿಡುತ್ತಿರುತ್ತದೆ. ನೀರು ಹಾಕಿ ಉಜ್ಜಿದರೆ ಧೂಳು ಏಳುವುದಿಲ್ಲ. ಹಾಗೆಯೇ ಕಲ್ನಾರು (ಆಸ್ಬೆಸ್ಟಾಸ್) ಶೀಟು. ಹಳೇ ದನದ ಕೊಟ್ಟಿಗೆ, ಸ್ನಾನದ ಮನೆಗಳಿಂದ ಅದನ್ನು ಸುತ್ತಿಗೆಯಲ್ಲಿ ಕುಟ್ಟಿ ಚೂರು ಮಾಡಿ ಇಳಿಸುತ್ತಾರೆ. ಅದರ ಎಳೆ ಶ್ವಾಸಕೋಶಕ್ಕೆ ಹೊಕ್ಕರೆ ಕಾಯಿಲೆ ಎದ್ದು ಕಾಣಲು ದಶಕಗಳೇ ಬೇಕು, ಆ ಹೊತ್ತಿಗೆ ಶೀಟನ್ನೂ ಮಾರಿದವನನ್ನೂ ಎಲ್ಲರೂ ಮರೆತಿರುತ್ತಾರೆ. ಒದ್ದೆ ಮಾಡಿ, ಒಡೆಯದೆ, ಇಡಿಯಾಗಿ ಇಳಿಸಬೇಕೆಂದು ಪ್ರತಿ ಹಾರ್ಡ್‌ವೇರ್ ಅಂಗಡಿಯ ಗೋಡೆಗೆ ಒಂದು ಕನ್ನಡದ ಭಿತ್ತಿಪತ್ರ ಅಂಟಿಸಲು ನಿಮ್ಮ ಇಲಾಖೆಗೆ ಎಷ್ಟು ಖರ್ಚು? ನನ್ನ ಗೋಡೆ ಉಚಿತ.

ಇಷ್ಟೆಲ್ಲ ಮಾಡಲು ಕೈ ಬೇಕು. ನನ್ನ ಗೋಡೆ ತಟ್ಟಿದ ಮೇಸ್ತ್ರಿ ನಮ್ಮ ಪಟ್ಟಣದಲ್ಲಿ ಸುಣ್ಣ ಕೊಳೆಸಲು ತಿಳಿದವರಲ್ಲಿ ಕೊನೆಯವರು. ಅವರ ಮಗ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ. ಸುಣ್ಣವೇ ಎಲ್ಲಕ್ಕೂ ಮದ್ದು ಎಂದು ನಾನು ಹೇಳುತ್ತಿಲ್ಲ. ಪಿಲ್ಲರಿನ ಮನೆಗೆ ಸಿಮೆಂಟೇ ಬೇಕು. ಸುಣ್ಣದ ಕಲ್ಲನ್ನೂ 900 ಡಿಗ್ರಿ ಶಾಖದಲ್ಲಿ ಸುಡಬೇಕು, ಅದೂ ಇಂಗಾಲ ಉಗುಳುತ್ತದೆ. ಆದರೆ ಸಿಮೆಂಟಿಗೆ 1,450 ಡಿಗ್ರಿ ಬೇಕು. ಸುಣ್ಣದ ಗಾರೆ ಗೋಡೆಯ ಮೇಲೆ ಗಟ್ಟಿಯಾಗುತ್ತಾ ಉಗುಳಿದ್ದರಲ್ಲಿ ಒಂದಷ್ಟನ್ನು ಮರಳಿ ಹೀರಿಕೊಳ್ಳುತ್ತದೆ. ಮುಖ್ಯ ಮಾತೆಂದರೆ ಹಳೇ ಗೋಡೆಗೆ ಅದೊಂದೇ ಒಗ್ಗುವುದು. ಇಂಥ ವಿದ್ಯೆಗೆ ನಮ್ಮಲ್ಲಿ ಬರವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ವಿಜ್ಞಾನ ತಲುಪಿಸಲೆಂದು 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಸ್ವಲ್ಪವೇ ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯಲ್ಲಿ ಮನೆ ಕಟ್ಟಿ ತೋರಿಸಿದ್ದಾರೆ. ಪಕ್ಕದ ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಒಡೆದ ಹಳೇ ಮಂಗಳೂರು ಹೆಂಚನ್ನೇ ಕಾಂಕ್ರೀಟಿನ ಹೊಟ್ಟೆಗೆ ತುಂಬಿ ಸಿಮೆಂಟು, ಕಬ್ಬಿಣ ಉಳಿಸಿದರು. ವಿದ್ಯೆ ಅಲ್ಲಿದೆ, ನಮ್ಮ ಮೇಸ್ತ್ರಿಗಳ ತನಕ ಬಂದಿಲ್ಲ. ಕಟ್ಟಡ ಕಾಮಗಾರಿಯ ಮೇಲೆ ಶೇ 1ರಷ್ಟು ಕಾರ್ಮಿಕ ಸೆಸ್ ವಸೂಲಾಗುತ್ತದೆ. ಆ ಹಣ ಸೇರುವ ಮಂಡಳಿ ಕಾರ್ಮಿಕ ಇಲಾಖೆಯದು, ನಿಮ್ಮದಲ್ಲ, ಗೊತ್ತಿದೆ. ಆದರೆ ಒಂದೇ ಸಂಪುಟದಲ್ಲಿ ಕೂರುತ್ತೀರಿ. ತಾಲ್ಲೂಕಿಗೆ ಹತ್ತು ಹುಡುಗರಿಗೆ, ಕೂಲಿ ಕೊಟ್ಟು, ಮೂರು ತಿಂಗಳು ಸುಣ್ಣ ಮತ್ತು ಹೆಂಚಿನ ಕೆಲಸ ಕಲಿಸಿ. ಹಳೇ ಮೇಸ್ತ್ರಿಗಳನ್ನೇ ಗುರುಗಳಾಗಿ ಕರೆಯಿರಿ, ಅವರು ಇರುವಾಗಲೇ.

ಹಣದ ಒಂದು ಮಾತು. ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿ ವಾಸದ ಮನೆ ಕೊಳ್ಳಲು, ಕಟ್ಟಲು ಸಾಲ ಮಾಡಿದರೆ ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ಬಡ್ಡಿ ಕಳೆಯಬಹುದು. ಅದೇ ಮನೆಯ ರಿಪೇರಿಗೆ ಸಾಲ ಮಾಡಿದರೆ 30,000. ಅಂದರೆ ಇದ್ದ ಮನೆಯನ್ನು ಉಳಿಸಿಕೊಂಡವನಿಗಿಂತ ಹೊಸದು ಕಟ್ಟಿದವನ ಮೇಲೆ ಕಾಯಿದೆಗೆ ಏಳು ಪಟ್ಟಿಗೂ ಹತ್ತಿರ ಪ್ರೀತಿ. ಇದು ದೆಹಲಿಯ ಕಾಯಿದೆ. ರಾಜ್ಯದಿಂದ ಒಂದು ಪತ್ರ ಹೋಗಲಿ ಎಂಬುದಷ್ಟೇ ನನ್ನ ವಿನಂತಿ. ಮನೆ ಕಟ್ಟಿ ನೋಡು ಎಂದ ಹಿರಿಯರು ಮನೆ ರಿಪೇರಿ ಮಾಡಿ ನೋಡಿರಲಿಲ್ಲವೇನೋ ಎಂದು ಎಷ್ಟೋ ಸಲ ಅನ್ನಿಸಿದೆ.

ಕೊನೆಯದಾಗಿ ನನ್ನ ಸ್ವಂತದ ಒಂದು ಅಹವಾಲು. ಆ ಹಸಿರು ಚೂರು ನೋಡಿದ ಮೇಲೆ ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಹಳೇ ಸಾಮಾನು ಕೂಡಿಸಿಡಲು ಶುರು ಮಾಡಿದೆ. ಈಗ ಅಲ್ಲಿ 1,400 ಹೆಂಚು, 11 ಕಿಟಕಿ, ಒಂದು ಬಾಗಿಲುವಾಡ, ಒಂದಿಷ್ಟು ಶಹಾಬಾದ್ ಫರಸಿ ಇವೆ. ನೂರು ಹೆಂಚು ಬೇಕಾದವನು ಬಂದು ಒಯ್ಯುತ್ತಾನೆ, ಕೆಡವಿದವನು ತಂದು ಹಾಕುತ್ತಾನೆ. ಸಿಮೆಂಟಿನಷ್ಟು ಲಾಭವಿಲ್ಲ, ನಷ್ಟವೂ ಇಲ್ಲ. ಇದಕ್ಕೆ ಪ್ರತ್ಯೇಕ ವ್ಯಾಪಾರ ಪರವಾನಗಿ ಬೇಕೆಂದರು, ಅರ್ಜಿ ಹಾಕಿದೆ. ಪಟ್ಟಿಯಲ್ಲಿ ಮರುಬಳಕೆಯ ಕಟ್ಟಡ ಸಾಮಗ್ರಿ ಎಂಬ ಬಾಬ್ತೇ ಇಲ್ಲ, ಗುಜರಿ ಎಂದು ಬರೆದುಕೊಡಿ, ವಸತಿ ಬೀದಿಯಲ್ಲಿ ಗುಜರಿಗೆ ಪರವಾನಗಿ ಕೊಡಲು ಬರುವುದಿಲ್ಲ ಎಂದು ಹಿಂಬರಹ ಬಂದಿದೆ. ಅರ್ಜಿ, ಹಿಂಬರಹ ಎರಡರ ಪ್ರತಿಯನ್ನೂ ತಮ್ಮ ಕಚೇರಿಗೆ ಕಳಿಸಿದ ಮೂಲ ಪತ್ರದ ಜೊತೆ ಲಗತ್ತಿಸಿದ್ದೇನೆ. ಆ ಪಟ್ಟಿಗೆ ಒಂದು ಸಾಲು ಸೇರಿಸಿ ಕೊಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಹಾರ್ಡ್‌ವೇರ್ ವ್ಯಾಪಾರಿ